ರಂಗೂನಿನಿಂದ ಬಂದ ಸೊಸೆ

ನಜರ್‌ಬಾದ್, ಮೈಸೂರು
೧೨-೯-೧೯೫೫

ಸುಂದರೇಶನಿಗೆ ನಿನ್ನ ಅಮ್ಮ ಬರೆಯುವುದೇನೆಂದರೆ,

ದೆಹಲಿಯಲ್ಲಿ ನಿನ್ನ ಹೊಟ್ಟೆಯುರಿ ಹೇಗಿದೆ? ಹುಳಿ, ಖಾರ ಬಿಟ್ಟಿದ್ದೀಯಾ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಇದು ನನ್ನದೇ ಕೈಬರಹ, ಪಕ್ಕದ ಮನೆಯ ಅಶ್ವತ್ಥನಿಂದ ಬರೆಸಿದ್ದಲ್ಲ. ಐವತ್ತು ದಾಟಿದ ಮೇಲೆ ನನಗೆ ಅಕ್ಷರ ಕಲಿಸಿದವಳು ನಿನ್ನ ಹೆಂಡತಿ ಭಾನುಮತಿ. ತಪ್ಪಿದ್ದರೆ ತಿದ್ದಿಕೋ, ಬೈದದ್ದನ್ನು ಮಾತ್ರ ಇದ್ದ ಹಾಗೇ ಓದು.

ಪೇಪರಿನಲ್ಲಿ ಅವಳ ಹೆಸರು ನೋಡಿ ಹೆಮ್ಮೆಯಾಯಿತು ಎಂದು ಬರೆದಿದ್ದೀಯ. ಬರೆಯುವಾಗ ನಾಚಿಕೆಯಾಗಲಿಲ್ಲವೇ? ನಾನೂ ಸಾಚಾ ಅಲ್ಲ, ಒಪ್ಪುತ್ತೇನೆ. ಯುದ್ಧದ ಕಾಲದಲ್ಲಿ ರಂಗೂನಿನಿಂದ ಕಾಡುಮೇಡು ನಡೆದು, ದಾರಿಯಲ್ಲೇ ಅಪ್ಪನನ್ನು ಕಳೆದುಕೊಂಡು ಬಂದ ಹುಡುಗಿಯನ್ನು ನೀನು ಮದುವೆಯಾದಾಗ, ಒಂದು ವರ್ಷ ಅವಳನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ತಮಿಳು ಬೆರೆಸಿ ಕನ್ನಡ ಆಡಿದರೆ ನಗುತ್ತಿದ್ದೆ. ಅವಳು ಎರಡೇ ವರ್ಷದಲ್ಲಿ ಕನ್ನಡ ಪರೀಕ್ಷೆ ಪಾಸು ಮಾಡಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ ಆದಳು. ನೀನು ದೆಹಲಿಗೆ ಹೊರಟಾಗ “ಮನೆ ಸಿಕ್ಕಿದ ಕೂಡಲೇ ಕರೆಸ್ಕೋತೀನಿ” ಅಂದಿದ್ದೆ. ಐದು ವರ್ಷವಾಯಿತು. ಅಷ್ಟು ದೊಡ್ಡ ಊರಿನಲ್ಲಿ ಒಂದು ಮನೆ ಸಿಗಲಿಲ್ಲವೇನೋ?

ನಮ್ಮ ಬೀದಿಗೆ ಇರುವುದು ಒಂದೇ ನಲ್ಲಿ, ನಿನಗೆ ಗೊತ್ತು. ಕೊಡ ಹಿಡಿದು ಸರದಿಯಲ್ಲಿ ನಿಂತು ಹೆಣ್ಣುಮಕ್ಕಳು ಸ್ಕೂಲಿಗೇ ಬರುತ್ತಿರಲಿಲ್ಲ. ಇನ್ನೊಂದು ನಲ್ಲಿ ಹಾಕಿಸಿ ಎಂದು ಭಾನುಮತಿ ಏಳು ಸಲ ಕೌನ್ಸಿಲರ್ ಚಿಕ್ಕಣ್ಣನ ಹತ್ತಿರ ಹೋದಳು. ಏಳನೆಯ ಸಲ ಅವನು, “ಪಾಠ ಹೇಳ್ಕೊಂಡಿರಿ ಮೇಡಂ, ಈ ಊರಿನ ಉಸಾಬರಿ ನಿಮಗ್ಯಾಕೆ? ನಿಮ್ಮೂರು ರಂಗೂನು” ಅಂದನಂತೆ. ಮನೆಗೆ ಬಂದವಳೇ, “ಅತ್ತೆ, ಕೆಲಸ ಬಿಟ್ಬುಟ್ಟು ಎಲೆಕ್ಷನ್‌ಗೆ ನಿಲ್ತೀನಿ” ಅಂದಳು. ನಾನು ಕೂಗಾಡಿದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ರಾಜೀನಾಮೆ ಕೊಟ್ಟೇ ಬಂದಳು.

ನಾಮಪತ್ರ ಪರಿಶೀಲನೆಯ ದಿನ ಒಬ್ಬಳೇ ಹೋಗುತ್ತಾಳಲ್ಲ ಎಂದು ಜೊತೆಗೆ ಹೋಗಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಅವಳಿಗೆ ಎದುರಾಗಿ ನಿಂತಿದ್ದ ಚಿಕ್ಕಣ್ಣ, ಇವಳು ಈ ವಾರ್ಡಿನವಳೇ ಅಲ್ಲ ಎಂದು ಒಂದು ಕಾಗದ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟ. ನೀನು ಅವನಿಗೆ ಬರೆದದ್ದು. “ಅವಳು ಇಲ್ಲಿಯವಳಲ್ಲ, ಅವಳಿಗೂ ನನಗೂ ಸಂಬಂಧವಿಲ್ಲ, ನಮ್ಮ ಮನೆಯಲ್ಲಿ ಅವಳ ವಾಸವಿಲ್ಲ.” ಎಲ್ಲರ ಎದುರು ಗಟ್ಟಿಯಾಗಿ ಓದಿದರು. ಕಿಟಕಿಯಿಂದ ನನಗೂ ಕೇಳಿಸಿತು. ಭಾನುಮತಿಯ ಮುಖ ಬಿಳಿಚಿಕೊಂಡಿತು. ನಿಮ್ಮಪ್ಪ ಹೋದ ಮೇಲೆ ಯಾವ ಕಚೇರಿಯ ಮೆಟ್ಟಿಲೂ ಹತ್ತದ ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದೆ. “ಸ್ವಾಮಿ, ಮನೆ ನಂದು. ಹನ್ನೆರಡು ವರ್ಷದಿಂದ ಇವಳು ನನ್ನ ಜೊತೇಲೇ ಇದಾಳೆ. ಮನೇಲಿ ಇಲ್ಲದೇ ಇರೋನು ಆ ಕಾಗದ ಬರೆದೋನು” ಅಂದೆ. ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟಿಗೆ ಶಾಯಿ ತರಿಸಿದರು. “ಪೆನ್ನು ಕೊಡಿ” ಅಂದೆ. ತಲೆ ತಗ್ಗಿಸಿಕೊಂಡೇ ಸಹಿ ಹಾಕಿದೆ. ಹೆದರಿಕೆಗಲ್ಲ ಕಣೋ, ನಿನ್ನನ್ನು ಹೆತ್ತ ಅವಮಾನಕ್ಕೆ.

ನಾಮಪತ್ರ ಒಪ್ಪಿಕೊಂಡರು. ಆಮೇಲೆ ನಮ್ಮ ಗೋಡೆಯ ಮೇಲೆ ‘ಗಂಡ ಬಿಟ್ಟವಳು’ ಎಂದು ಟಾರಿನಲ್ಲಿ ಬರೆದರು. ಅವಳ ಹಳೆಯ ವಿದ್ಯಾರ್ಥಿನಿಯರು ಬಂದು ಕೆರೆದು ಸುಣ್ಣ ಬಳಿದರು. ಅವರ ತಾಯಂದಿರು ಮನೆಮನೆ ತಿರುಗಿದರು. ಇನ್ನೂರ ಹನ್ನೊಂದು ಓಟಿನಿಂದ ಗೆದ್ದಳು. ಈ ವಾರ್ಡಿನಿಂದ ಹೆಂಗಸೊಬ್ಬಳು ಗೆದ್ದದ್ದು ಇದೇ ಮೊದಲು. ಕೌನ್ಸಿಲಿನ ಮೊದಲ ಸಭೆಯಲ್ಲಿ ಅವಳು ಮಾತಾಡಲು ಎದ್ದಾಗ ನಾಲ್ಕು ಜನ ಹೊರಗೆ ನಡೆದರಂತೆ. ಅವರು ವಾಪಸು ಬರುವ ತನಕ ಇವಳು ನಿಂತೇ ಇದ್ದಳಂತೆ. ನಲ್ಲಿ ಇನ್ನೂ ಬಂದಿಲ್ಲ. ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆತ್ತವಳಾದ್ದರಿಂದ ಕೇಡು ಬಯಸಲಾರೆ; ಅದನ್ನೇ ಆಶೀರ್ವಾದ ಎಂದುಕೋ.

ಮಂಗಳಮ್ಮ

ಮರೆತಿದ್ದೆ: ಮೈಸೂರಿಗೆ ವರ್ಗವಾಗಲು ಅವಳಿಂದ ಮಂತ್ರಿಗಳಿಗೆ ಒಂದು ಮಾತು ಹೇಳಿಸು ಎಂದು ನಿನ್ನ ಕಾಗದದ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀಯಲ್ಲ, ಅದನ್ನು ಅವಳ ಕೈಗೇ ಕೊಟ್ಟೆ. ಪೂರ್ತಿ ಓದಿ ಮಡಿಚಿ ವಾಪಸು ಕೊಟ್ಟಳು. “ಬುಧವಾರ ಬೆಳಿಗ್ಗೆ ಜಗುಲೀಲಿ ಅರ್ಜಿ ತಗೋತೀನಿ ಅತ್ತೆ, ಎಲ್ಲರ ಹಾಗೆ ಬಂದು ಕೂತ್ಕೊಳ್ಳೋಕೆ ಹೇಳಿ” ಅಂದಳು. ಬರುವುದಾದರೆ ಬಾ. ಒಳಗೆ ಕರೆಯುವುದು ಬಿಡುವುದು ಅವಳ ಇಷ್ಟ. ನಾನಂತೂ ಕರೆಯುವುದಿಲ್ಲ.