ಡೊಳ್ಳಪ್ಪ ಬೀಳುವುದನ್ನು ಬಿಟ್ಟ ವರ್ಷ

ಮಂಗಳವಾರ, ಮಾರ್ಚ್ ೧೦

ಪ್ರೀತಿಯ ಪಿಟೀಲು,

ವಾರಪತ್ರಿಕೆಯಲ್ಲಿ ನೀನು ಬರೆದ ವಿಮರ್ಶೆ ಓದಿದೆ. ಎರಡು ಸಲ ಓದಿದೆ. ಮೊದಲ ಸಲ ಅಮ್ಮನಾಗಿ, ಎರಡನೇ ಸಲ ‘ಮೂರನೇ ಮೆಟ್ಟಿಲು’ ಧಾರಾವಾಹಿಯ ಮುಖ್ಯ ಬರಹಗಾರ್ತಿಯಾಗಿ. ಎರಡನೆಯವಳಿಗೆ ಅದು ಇಷ್ಟವಾಯಿತು. ಇಪ್ಪತ್ನಾಲ್ಕು ವರ್ಷದಿಂದ ಟಿವಿಯಲ್ಲಿ ಓಡುತ್ತಿರುವ ಕಾರ್ಟೂನ್ ಸಂಸಾರಕ್ಕೆ ಹತ್ತಕ್ಕೆ ಎರಡು ಅಂಕ ಕೊಡಲು ಗುಂಡಿಗೆ ಗಟ್ಟಿಯಿರಬೇಕು, ಅದರಲ್ಲೂ ಅದನ್ನು ಬರೆಯುವವಳು ಹೆತ್ತ ತಾಯಿಯಾಗಿರುವಾಗ. ಆಫೀಸಿನಲ್ಲಿ ಯಾರೋ ಅದನ್ನು ಕತ್ತರಿಸಿ ಕಾಫಿ ಯಂತ್ರದ ಪಕ್ಕ ಅಂಟಿಸಿದ್ದಾರೆ. ನಾನು ಹೋದರೆ ಎಲ್ಲರೂ ಸಕ್ಕರೆ ಹುಡುಕತೊಡಗುತ್ತಾರೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ತಮಾಷೆ ಮಾಡಿಬಿಡುತ್ತೇನೆ, ನೀನು ಸುಮ್ಮನಾಗುತ್ತೀಯ, ಆಮೇಲೆ ಇಬ್ಬರೂ ಬಿಸಿಲು ಮೋಡದ ಸಮಾಚಾರ ಮಾತಾಡಿ ಇಟ್ಟುಬಿಡುತ್ತೇವೆ. ಹನ್ನೊಂದು ವರ್ಷದಿಂದ ನಮ್ಮ ಮಾತುಕತೆ ಅಷ್ಟೇ. ಅದಕ್ಕೇ ಈ ಕಾಗದ.

ಮೊದಲು ಒಂದು ತಿದ್ದುಪಡಿ. ಧಾರಾವಾಹಿ ಹದಿನೈದನೇ ವರ್ಷ, ಮಾತನಾಡುವ ನಾಯಿ ಬಂದಾಗಿನಿಂದ ಹಳ್ಳ ಹಿಡಿಯಿತು ಎಂದಿದ್ದೀಯ. ನಾಯಿಯ ಬಗ್ಗೆ ನೀನು ಬೈದಿದ್ದೆಲ್ಲ ಸರಿ. ಅದನ್ನು ತಂದವಳು ನಾನೇ. ಏಳು ಜನ ಬರಹಗಾರರು ಮೇಜಿನ ಸುತ್ತ ಬೆಳಗ್ಗಿನಿಂದ ಕೂತಿದ್ದೆವು, ಒಂದು ನಗೆಯೂ ಹುಟ್ಟಿರಲಿಲ್ಲ. ಊಟದ ಹೊತ್ತು ಮೀರಿದಾಗ, ನಾಯಿ ಮಾತಾಡಲಿ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅದು ಹಸಿವಿನ ನಗು ಎಂದು ನನಗೆ ಆಗಲೇ ಗೊತ್ತಿತ್ತು. ಚಂದ್ರಲೋಕದ ಪ್ರವಾಸ, ಅವಳಿ ಮಕ್ಕಳು, ಗಂಡ ಹೆಂಡತಿ ಮೊದಲು ಭೇಟಿಯಾದ ಬಗ್ಗೆ ಒಂದಕ್ಕೊಂದು ಹೊಂದದ ಮೂರು ಕಥೆಗಳು, ಇವೂ ನನ್ನವೇ. ಆದರೆ ಇವೆಲ್ಲ ರೋಗವಲ್ಲ, ಮೈಮೇಲೆದ್ದ ಗುಳ್ಳೆ. ರೋಗ ಶುರುವಾಗಿದ್ದು ನಾಯಿಗಿಂತ ಎರಡು ವರ್ಷ ಮುಂಚೆ, ಹದಿಮೂರನೇ ವರ್ಷದ ನಾಲ್ಕನೇ ಕಂತಿನಲ್ಲಿ. ಆ ಕಂತಿನಲ್ಲಿ ಡೊಳ್ಳಪ್ಪ ಬೀಳಲಿಲ್ಲ.

ನಿನ್ನ ಕಣ್ಣಿಗೆ ಅದು ಬೀಳದಿರಲು ಕಾರಣವಿದೆ, ನಾನು ಕಳ್ಳತನದಿಂದ ಮಾಡಿದ್ದೆ. ಅದುವರೆಗೆ ಪ್ರತಿ ಕಂತಿನಲ್ಲೂ ಆ ಮನೆಯ ಯಜಮಾನ ಮೂರನೇ ಮೆಟ್ಟಿಲಲ್ಲಿ ಎಡವಿ ಬೀಳುತ್ತಿದ್ದ, ಪ್ರತಿ ಸಲವೂ ಹೊಸ ರೀತಿ. ಚಿತ್ರ ಬರೆಯುವವರ ಕೋಣೆಯಲ್ಲಿ ಬೀಳುವಿಕೆಯದೇ ಒಂದು ರಿಜಿಸ್ಟರ್ ಇದೆ. ಯಾವ ಬೀಳುವಿಕೆಯೂ ಮರುಕಳಿಸಬಾರದು ಎಂದು ಪ್ರತಿಯೊಂದಕ್ಕೂ ಸಂಖ್ಯೆ, ಪುಟ್ಟ ಚಿತ್ರ. ಇನ್ನೂರ ಅರವತ್ತೇಳಕ್ಕೆ ಅದು ನಿಂತಿದೆ. ನಾಲ್ಕನೇ ಕಂತಿನಲ್ಲಿ ಬರೀ ಧಡ್ ಎಂಬ ಸದ್ದು ಇಟ್ಟೆ, ಮೆಟ್ಟಿಲು ತೋರಿಸಲಿಲ್ಲ. ಐದನೆಯದರಲ್ಲಿ ಸದ್ದನ್ನೂ ತೆಗೆದೆ. ಒಬ್ಬನೇ ಒಬ್ಬ ವೀಕ್ಷಕ ಕೇಳಲಿಲ್ಲ.

ಬೀಳದ ಡೊಳ್ಳಪ್ಪನಿಗೆ ಬೇರೆ ಕೆಲಸ ಕೊಡಬೇಕಲ್ಲ? ಅವನು ಬುದ್ಧಿವಂತನಾದ. ಕಂತಿನ ಕೊನೆಗೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀತಿ ಹೇಳತೊಡಗಿದ. ಹೆಂಡತಿಯನ್ನು ಅಪ್ಪಿಕೊಳ್ಳತೊಡಗಿದ. ಅವನಿಗೆ ದನಿ ಕೊಡುವ ನಟರಿಗೆ ಈಗ ಎಪ್ಪತ್ತು. ವರ್ಷಕ್ಕೊಮ್ಮೆಯಾದರೂ ಧ್ವನಿಮುದ್ರಣದ ಗಾಜಿನ ಕೋಣೆಯಿಂದ ತಲೆ ಹೊರಗೆ ಹಾಕಿ ಗೋಗರೆಯುತ್ತಾರೆ, ‘ಏನ್ ಮೇಡಂ, ಈ ಮನುಷ್ಯ ಯಾವಾಗ ಸನ್ಯಾಸ ತಗೊಂಡ? ಒಂದ್ಸಲ ಬೀಳಿಸಿ ಮೇಡಂ, ಗಂಟಲು ತುಕ್ಕು ಹಿಡೀತಿದೆ’ ಎಂದು. ನಾನು ನೋಡೋಣ ಎನ್ನುತ್ತೇನೆ.

ನಿನ್ನ ವಿಮರ್ಶೆಯಲ್ಲಿ ಒಂದು ಸಾಲಿದೆ. ‘ಇದನ್ನು ಬರೆಯುವವರಿಗೆ ತಮ್ಮ ಪಾತ್ರಗಳ ಮೇಲೆ ಪ್ರೀತಿ ಉಳಿದಿಲ್ಲ, ಅಭ್ಯಾಸ ಮಾತ್ರ ಉಳಿದಿದೆ.’ ಮಿಕ್ಕ ಎಲ್ಲ ಸಾಲಿಗೂ ನಾನು ಸಹಿ ಹಾಕಬಲ್ಲೆ, ಇದೊಂದಕ್ಕೆ ಆಗುವುದಿಲ್ಲ. ಇದರಿಂದ ನನಗೆ ನೋವಾಯಿತು. ಯಾಕೆ ಆಗುವುದಿಲ್ಲ ಎಂದು ಹೇಳಬೇಕಾದರೆ, ಇಷ್ಟು ವರ್ಷ ನಿನಗೆ ಹೇಳಿದ ಒಂದು ಸುಳ್ಳನ್ನು ವಾಪಸ್ಸು ತೆಗೆದುಕೊಳ್ಳಬೇಕು.

ಮೆಟ್ಟಿಲಿನಿಂದಲೇ ಶುರುಮಾಡುತ್ತೇನೆ. ನಿಮ್ಮಪ್ಪ ಬಡಗಿ. ಕೂದಲೆಳೆಯಷ್ಟು ಓರೆ ಬಂದರೂ ಕಂಡವರ ಮನೆ ಬಾಗಿಲನ್ನು ಬಿಚ್ಚಿ ಮತ್ತೆ ಕೂರಿಸುತ್ತಿದ್ದ ಮನುಷ್ಯ, ಸ್ವಂತ ಮನೆಯ ಮೆಟ್ಟಿಲು ಮಾಡುವಾಗ ಮೂರನೆಯದನ್ನು ಅರ್ಧ ಇಂಚು ಎತ್ತರ ಮಾಡಿಬಿಟ್ಟರು. ಅಳತೆ ಹಿಡಿಯುವಾಗ ನಾನು ಮಾತಾಡಿಸುತ್ತಿದ್ದೆ ಎಂಬುದು ಅವರ ವಾದ. ಸರಿಮಾಡಿ ಎಂದರೆ, ‘ಬಿಡೇ, ಕಾಲಿಗೆ ಅಭ್ಯಾಸ ಆಗತ್ತೆ’ ಎಂದರು. ಯಾರ ಕಾಲಿಗೂ ಆಗಲಿಲ್ಲ. ಎಡವುವುದು ಆ ಮನೆಯಲ್ಲಿ ಕೆಮ್ಮು ಸೀನಿನಷ್ಟು ಮಾಮೂಲಾಯಿತು. ಆಮೇಲೆ ಅಂಕ ಕೊಡುವ ಆಟ. ಯಾರೇ ಬೀಳಲಿ, ಮಿಕ್ಕವರು ಇದ್ದಲ್ಲಿಂದಲೇ, ಏಳದೆ, ಹತ್ತಕ್ಕೆ ಎಷ್ಟು ಎಂದು ಕೂಗಬೇಕು. ನೀನು ಸದ್ದು ಕೇಳಿಯೇ ಅಂಕ ಕೊಡುತ್ತಿದ್ದೆ, ಮುಖದ ಮುಂದಿನ ಪುಸ್ತಕ ಸರಿಯುತ್ತಿರಲಿಲ್ಲ. ಐದರ ಮೇಲೆ ಯಾರಿಗೂ ಕೊಟ್ಟವಳಲ್ಲ. ವಿಮರ್ಶಕಿಯಾಗುವ ಲಕ್ಷಣ ಆಗಲೇ ಇತ್ತು. ಎಷ್ಟೇ ಕೊಡು, ನಿಮ್ಮಪ್ಪನದು ಒಂದೇ ತಕರಾರು, ‘ಇನ್ನೊಂದ್ ಅಂಕ ಹಾಕ್ರೇ, ಅನ್ಯಾಯ ಇದು’ ಎಂದು. ಒಂದೇ ಒಂದು, ಎರಡಲ್ಲ. ಆ ತಕರಾರು ಕೇಳಿದರೆ ಪೆಟ್ಟಾಗಿಲ್ಲ ಎಂದು ಅರ್ಥ. ಆಟದ ಉಪಯೋಗವೇ ಅದು ಎಂದು ನನಗೆ ಆಗ ಹೊಳೆದಿರಲಿಲ್ಲ.

ಇದನ್ನೇ ಎತ್ತಿಕೊಂಡು ಹೋಗಿ ಧಾರಾವಾಹಿ ಮಾಡಿದೆ. ಮೆಟ್ಟಿಲು, ಅಂಕ, ತಕರಾರು, ಎಲ್ಲ.

ನಿಮ್ಮಪ್ಪನಿಗೆ ಪಾರ್ಶ್ವವಾಯು ಹೊಡೆದದ್ದು ಊಟದ ಮೇಜಿನಲ್ಲಿ, ನನ್ನ ಕಣ್ಣೆದುರಿಗೆ, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದೆ ಎಂದು ನಿನಗೆ ಹೇಳಿದ್ದೆನಲ್ಲ. ನೀನಾಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದೆ, ನಂಬಿದೆ. ಅದು ನಡೆದದ್ದು ಹಾಗಲ್ಲ. ಮಧ್ಯಾಹ್ನ ಮೂರು ಗಂಟೆಯ ಸುಮಾರು. ನಾನು ಮೆಟ್ಟಿಲ ಬುಡದ ಕೋಣೆಯಲ್ಲಿ, ಸಂಜೆಯೊಳಗೆ ಕೊಡಬೇಕಾದ ಕಂತು ಬರೆಯುತ್ತಿದ್ದೆ. ಧಡ್ ಎಂದಿತು. ಒಳ್ಳೆಯ ಸದ್ದು. ನಾನು ಕುರ್ಚಿಯಿಂದ ಏಳದೆ ‘ಆರು!’ ಎಂದು ಕೂಗಿದೆ. ಬರೆಯುವುದು ಮುಂದುವರಿಸಿದೆ.

ತಕರಾರು ಬರಲಿಲ್ಲ. ಅಂಕ ಕಡಿಮೆಯಾಯಿತೆಂದು ಮುಖ ಊದಿಸಿಕೊಂಡು ಹೋಗಿರಬೇಕು ಎಂದುಕೊಂಡೆ. ಅಂದುಕೊಂಡು ನಕ್ಕೆ ಕೂಡ. ಪುಟ ಮುಗಿಯಿತು, ಚೆನ್ನಾಗಿ ಬಂದಿತ್ತು, ಓದಿ ಹೇಳೋಣ ಎಂದು ಎದ್ದು ಬಂದೆ. ಅವರು ಅಲ್ಲೇ ಬಿದ್ದಿದ್ದರು. ಗೋಡೆ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವಾಗ ಬಿದ್ದರು ಎಂದು. ಈಗ ತಾನೇ ಎಂದೆ. ಯಾಕೆ ಹಾಗೆಂದೆ ಎಂದು ಕೇಳಬೇಡ, ನಾಚಿಕೆಯಾಯಿತು ಎನ್ನುವುದೊಂದೇ ಉತ್ತರ. ಆ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಅವರ ಮಾತು ಉಳಿಯುತ್ತಿತ್ತೇ, ಬಲಗೈ ಉಳಿಯುತ್ತಿತ್ತೇ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಹೇಳಿಬಿಡುತ್ತಾರಲ್ಲ.

ಈಗ ನಿನ್ನ ಸಾಲಿಗೆ ಬರುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ, ಆ ನಾಲ್ಕನೇ ಕಂತಿನಲ್ಲಿ, ನಾನು ಡೊಳ್ಳಪ್ಪನನ್ನು ಬೀಳಿಸಲು ಕೂತೆ, ಆಗಲಿಲ್ಲ. ಅವನು ಬಿದ್ದರೆ ಅವನ ಹೆಂಡತಿ ಒಳಗಿನಿಂದ ಕೂಗಬೇಕು. ಅವಳ ಬಾಯಿಗೆ ಅಂಕ ಹಾಕಲು ನನ್ನ ಕೈ ಏಳಲಿಲ್ಲ. ನೆಪಕ್ಕೊಂದು ಸದ್ದು ಇಟ್ಟು ಅವನನ್ನು ಹುಷಾರಾಗಿ ಇಳಿಸಿದೆ. ಮುಂದಿನ ವಾರವೂ ಹುಷಾರಾಗಿ ಇಳಿಸಿದೆ. ಹನ್ನೊಂದು ವರ್ಷ ಕೈಹಿಡಿದು ಇಳಿಸಿದ್ದೇನೆ. ಧಾರಾವಾಹಿ ಕೆಟ್ಟದ್ದು ಪ್ರೀತಿ ಬತ್ತಿ ಅಲ್ಲ ಪಿಟೀಲು. ಅದು ವಿಮರ್ಶೆಯಲ್ಲಿ ಬರೆಯುವ ವಿಷಯವಲ್ಲ, ಗೊತ್ತು. ಅಂಕ ಎರಡೇ ಇರಲಿ.

ಅಪ್ಪ ಚೆನ್ನಾಗಿದ್ದಾರೆ. ಕೆಳಗಿನ ಕೋಣೆಯಲ್ಲೇ ಇರುವುದು. ಮಾತು ಹಾಗೇ ಇದೆ, ‘ನೀರು’, ‘ಬೇಡ’, ‘ಹೂಂ’. ಅಂಕಿಗಳು ಮಾತ್ರ ಬರುತ್ತವೆ. ಮಾತು ಕಲಿಸುವಾಕೆ ದಿನಾ ಎಣಿಸಿಯೇ ಅಭ್ಯಾಸ ಮಾಡಿಸಿದ್ದು. ಆದರೆ ಯಾವ ಅಂಕಿಯಿಂದ ಶುರುವಾದರೂ ಹತ್ತರವರೆಗೆ ನಿಲ್ಲಿಸಲು ಅವರಿಗೆ ಬರುವುದಿಲ್ಲ. ಮಾತ್ರೆ ಎಷ್ಟು ನುಂಗಿದಿರಿ ಎಂದರೆ ಎರಡು, ಮೂರು, ನಾಲ್ಕು ಎಂದು ಹತ್ತಕ್ಕೆ ಮುಟ್ಟಿಸಿ ಬೇಸರದಿಂದ ನನ್ನನ್ನು ನೋಡುತ್ತಾರೆ. ಪ್ರತಿ ಶನಿವಾರ ಧಾರಾವಾಹಿ ನೋಡುತ್ತಾರೆ. ಹಿಂದೆ ಡೊಳ್ಳಪ್ಪ ಬೀಳುತ್ತಿದ್ದ ಜಾಗ ಬಂದಾಗ ಟಿವಿ ಬಿಟ್ಟು ನನ್ನ ಕಡೆ ತಿರುಗುತ್ತಾರೆ. ನಾನು ಏನೋ ತರಲು ಏಳುತ್ತೇನೆ. ಅವರು ಬಿದ್ದ ವರ್ಷವೇ ಆ ಮೆಟ್ಟಿಲನ್ನು ಕೊಯ್ಸಿ ಸಮ ಮಾಡಿಸೋಣವೆಂದು ಒಬ್ಬ ಬಡಗಿಯನ್ನು ಕರೆಸಿದ್ದೆ. ಗರಗಸದ ಸದ್ದು ಕೇಳಿ ಒಳಗಿನಿಂದ ‘ಬೇಡ’ ಎಂದರು. ಬಡಗಿ ಕಾಫಿ ಕುಡಿದು ಹೋದ. ಅವತ್ತು ನಾನು ಕೂಗಿದ್ದು ಅವರಿಗೆ ಕೇಳಿಸಿತ್ತೇ ಇಲ್ಲವೇ, ನನಗೆ ಗೊತ್ತಿಲ್ಲ. ಪ್ರಜ್ಞೆ ಇರಲಿಲ್ಲ ಎಂದೇ ನಂಬಿಕೊಂಡು ಬಂದಿದ್ದೇನೆ.

ಧಾರಾವಾಹಿ ಈ ವರ್ಷಕ್ಕೆ ಮುಗಿಯುತ್ತದೆ. ನಿನ್ನ ವಿಮರ್ಶೆಯಿಂದಲ್ಲ, ಅಷ್ಟು ಬೀಗಬೇಡ. ಮೇಲಿನವರು ಹಿಂದಿನ ತಿಂಗಳೇ ನಿರ್ಧರಿಸಿದ್ದರು. ಶುಕ್ರವಾರ ಕೊನೆಯ ಕಂತಿನ ಧ್ವನಿಮುದ್ರಣ. ಇನ್ನೂರ ಅರವತ್ತೆಂಟನೇ ಬೀಳುವಿಕೆ ಬರೆದಿದ್ದೇನೆ. ವಿಶೇಷವೇನಿಲ್ಲ, ಕೈಯಲ್ಲಿ ತಟ್ಟೆಯಿಲ್ಲ, ಏಣಿಯಿಲ್ಲ, ನಾಯಿಯಿಲ್ಲ. ಸುಮ್ಮನೆ ಇಳಿಯುತ್ತಾನೆ, ಎಡವುತ್ತಾನೆ, ಬೀಳುತ್ತಾನೆ. ಒಳಗಿನಿಂದ ಹೆಂಡತಿ ಅಂಕ ಕೂಗುತ್ತಾಳೆ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಶುಕ್ರವಾರದೊಳಗೆ ಒಂದು ಅಂಕಿ ಹಾಕಬೇಕು, ಇಲ್ಲವೇ ಮತ್ತೆ ಅವನನ್ನು ಹುಷಾರಾಗಿ ಇಳಿಸಬೇಕು. ಎರಡರಲ್ಲಿ ಯಾವುದಾಗುತ್ತದೋ ಈ ಕಾಗದ ಬರೆಯುವಾಗ ನನಗೆ ತಿಳಿದಿಲ್ಲ.

ಇದನ್ನು ಓದಿ ಕೋಪ ಬಂದರೆ ಕೋಪದಲ್ಲೇ ಬರೆ. ಹವಾಮಾನ ಮಾತ್ರ ಬರೆಯಬೇಡ.

ನಿನ್ನಿಂದ ಎರಡು ಅಂಕ ಪಡೆದ
ಅಮ್ಮ

ಸಹಿ ಹಾಕಿದ ಮೇಲೆ, ಗುರುವಾರ:

ಕಾಗದ ಅಂಚೆಗೆ ಹಾಕದೆ ಎರಡು ದಿನ ಇಟ್ಟುಕೊಂಡಿದ್ದೆ. ಇವತ್ತು ಬೆಳಗ್ಗೆ ತಿಂಡಿಯಾದ ಮೇಲೆ ಕೊನೆಯ ಕಂತನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ, ಮೊದಲೆಲ್ಲ ಓದುತ್ತಿದ್ದ ಹಾಗೆ. ಖಾಲಿ ಜಾಗ ಬಂದಾಗ ನಿಲ್ಲಿಸಿದೆ. ಎಷ್ಟು ಹಾಕಲಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ‘ಆರು.’

ಹತ್ತು ಅಂಕಿಗಳಲ್ಲಿ ಅದೇ. ಹನ್ನೊಂದು ವರ್ಷ ಅದು ಅವರ ಹತ್ತಿರವೇ ಇತ್ತು. ನಾನು ಹಾಳೆ ನೋಡುತ್ತಾ ಕೂತೆ. ಅವರು ಎಡಗೈಯಿಂದ ನನ್ನ ಮೊಣಕಾಲು ತಟ್ಟಿ, ಬಾಯಿಯನ್ನು ಕಷ್ಟಪಟ್ಟು ತಿರುಗಿಸಿ, ‘ಏಳು’ ಎಂದರು.

ಎಣಿಕೆ ಶುರುವಾಯಿತು ಎಂದುಕೊಂಡು ಎಂಟಕ್ಕೆ ಕಾದೆ. ಎಂಟು ಬರಲಿಲ್ಲ. ಅಲ್ಲಿಗೇ ನಿಲ್ಲಿಸಿ, ನಾನು ಬರೆದುಕೊಳ್ಳುತ್ತೇನೋ ಇಲ್ಲವೋ ಎಂದು ಪೆನ್ನನ್ನೇ ನೋಡುತ್ತಿದ್ದರು. ಇನ್ನೊಂದು ಅಂಕ ಹಾಕಿ, ಏಳು ಎಂದು ಬರೆದೆ.