‘ಒಂದು ಕೈ ಹಚ್ಚರಿ’ ಎಂದವಳು ಅನರ್ಹಳೇ?

ಮಾನ್ಯ ಆಯ್ಕೆ ಅಧಿಕಾರಿಗಳೇ,

ನಮ್ಮ ಜಿಲ್ಲೆಯ ಸಂಚಾರಿ ಆರೋಗ್ಯ ತಂಡಕ್ಕೆ ಸೇವಕಿಯರನ್ನು ಆರಿಸಲು ನೀವು ಕಳೆದ ಶನಿವಾರ ಬೀದರಿನಲ್ಲಿ ನಡೆಸಿದ ದೇಹಬಲದ ಪರೀಕ್ಷೆ ಶುದ್ಧ ಮೂರ್ಖತನ. ಅದರಿಂದ ಠಾಣಾ ಕುಶನೂರಿನ ಕುಬರಾ ಎಂಬ ಹೆಣ್ಣುಮಗಳ ಬಾಳಿಗೆ ಕಲ್ಲು ಬಿದ್ದಿದೆ. ಆ ಕಲ್ಲನ್ನು ನೀವೇ ತೆಗೆಯಬೇಕು ಎಂದು ಕೇಳಲು ಈ ಪತ್ರ. ಇದನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇಕೆ ಎಂದು ಸಿಟ್ಟಾಗಬೇಡಿ. ನಿಮ್ಮ ಕಚೇರಿಗೆ ನಾನೇ ಖುದ್ದು ಬಂದಿದ್ದೆ. ಎದ್ದು ಹೋಗಿ ಎಂದವರು ನೀವೇ.

ನಾನು ಯಾರೆಂದು ಓದುಗರಿಗೆ ತಿಳಿಯಲಿ. ಬೀದರಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಡ್ರಿಲ್ ಕಲಿಸುವವಳು. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಇದು ಮೂರನೆಯ ಮಳೆಗಾಲ. ಅದಕ್ಕೆ ಮೊದಲು ರಜಾಕಾರರ ಕೈಯಲ್ಲಿ, ಅದಾದ ಮೇಲೆ ಸೇಡಿನವರ ಕೈಯಲ್ಲಿ ಈ ಸೀಮೆಯ ಎಷ್ಟು ಮನೆಗಳ ಗಂಡಸರು ಹೋದರು ಎಂಬುದನ್ನು ನಿಮ್ಮಂಥ ಹೊರಗಿನಿಂದ ಬಂದ ಸಾಹೇಬರು ಕಾಗದದಲ್ಲಿ ಓದಿರಬಹುದು. ನಾವು ಓಣಿಯಲ್ಲಿ ನೋಡಿದವರು. ಉಳಿದ ಹೆಂಗಸರಿಗೆ ಅನುಕಂಪ ಬೇಕಾಗಿರಲಿಲ್ಲ, ಕೆಲಸ ಬೇಕಾಗಿತ್ತು. ಕಾಲರಾ ಬಂದ ಹಳ್ಳಿಗಳಿಗೆ ಹೋಗಲು ಹೆಂಗಸರು ಬೇಕೆಂದು ನಿಮ್ಮ ಕಚೇರಿ ಡಂಗುರ ಸಾರಿದಾಗ ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಇಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು.

ಡಂಗುರ ಕೇಳಿದ ಚಳಿಗಾಲದಿಂದಲೇ ಸಂಜೆಯ ಹೊತ್ತು ನಮ್ಮ ಸಾಲೆಯ ಬಯಲಿನಲ್ಲಿ ಐದಾರು ಹೆಂಗಸರನ್ನು ಕೂಡಿಸಿ ತಯಾರು ಮಾಡಿದೆ. ದೂರದ ಊರಿನವರಿಗೆ ಸಾಲೆಯ ಪಡಸಾಲೆಯಲ್ಲೇ ಬಿಡಾರ. ಮಕ್ಕಳ ತಾಯಂದಿರು ಸೀರೆಯ ಕಚ್ಚೆ ಬಿಗಿದು ಓಡುವುದನ್ನು ನೋಡಲು ಗೋಡೆಯ ಮೇಲೆ ಜನವೋ ಜನ. ಮೊದಮೊದಲು ಅವರೂ ನಾಚಿ ಸತ್ತರು. ಆಮೇಲೆ ನಾಚಿಕೆ ಗೋಡೆಯವರ ಪಾಲಾಯಿತು. ಕುಬರಾಳ ಅತ್ತೆ ಖುರ್ಷಿದ ಬೇಗಂ ಸೊಸೆಯ ಕಾವಲಿಗೆಂದು ಬಂದು ಕೂತವರು, ಸ್ವಲ್ಪ ದಿನದಲ್ಲೇ ಯಾರ ಕಾಲು ಚುರುಕು, ಯಾರದು ಸೋಮಾರಿ ಎಂದು ಕೂತಲ್ಲಿಂದಲೇ ತೀರ್ಪು ಕೊಡತೊಡಗಿದರು. ನಿಮಗಿಂತ ಅವರ ತೀರ್ಪು ಎಷ್ಟೋ ವಾಸಿ ಎಂದು ಈಗ ಅನಿಸುತ್ತದೆ.

ಸ್ವಾಮಿ, ಮೈ ಗಟ್ಟಿ ಇರುವುದು ಎಂದರೇನು? ನಿಮ್ಮ ಪ್ರಕಾರ ಭಾರ ಎತ್ತುವುದು. ಅದಷ್ಟೇ ಆಗಿದ್ದರೆ ಜಿಲ್ಲೆಯ ಕಾಲರಾಕ್ಕೆ ಎತ್ತುಗಳನ್ನು ನೇಮಿಸಬಹುದಿತ್ತು, ಭತ್ಯೆಯೂ ಉಳಿಯುತ್ತಿತ್ತು. ನಿಮ್ಮ ತಂಡದ ಹೆಂಗಸು ಔರಾದಿನಿಂದ ಒಳಗಿನ ಹಳ್ಳಿಗೆ ಕೆಸರಿನಲ್ಲಿ ನಡೆಯಬೇಕು. ಅದಕ್ಕೆ ದಮ್ಮು ಬೇಕು, ಊರು ಮುಟ್ಟಿದ ಮೇಲೂ ಕೆಲಸಕ್ಕೆ ಉಳಿಯುವಷ್ಟು ದಮ್ಮು. ಔಷಧದ ಪೆಟ್ಟಿಗೆ ತಲೆಯ ಮೇಲಿಟ್ಟು ಹಳ್ಳದ ಪಾಚಿಗಲ್ಲು ದಾಟಬೇಕು. ಅಲ್ಲಿ ತೋಳಿನ ಬಲ ಇದ್ದು ಏನು ಮಾಡುತ್ತೀರಿ, ಮೈಯ ತೋಲ ತಪ್ಪಿ ವಾಲಿದರೆ ಪೆಟ್ಟಿಗೆಯೂ ನೀರಿಗೆ, ನೀವೂ ನೀರಿಗೆ. ನಮ್ಮ ಮನೆಗಳ ಬಾಗಿಲು ಗಿಡ್ಡ, ಒಳಗೆ ಕತ್ತಲು. ಅಲ್ಲಿ ಬಗ್ಗಿ, ತಿರುಗಿ, ಮೂಲೆಯಲ್ಲಿ ಮಲಗಿದವರನ್ನು ಹೊರಳಿಸಲು ಸೊಂಟ ಬಳುಕಬೇಕು. ಬೇನೆಯವರು ಸನ್ನಿಯಲ್ಲಿ ಕೈ ಬೀಸಿದಾಗ ತಪ್ಪಿಸಿಕೊಂಡು ಅವರನ್ನೇ ಹಿಡಿಯುವ ಚುರುಕು ಬೇಕು. ನಡುಗುವ ತುಟಿಗೆ ಚಮಚದಲ್ಲಿ ಔಷಧ ಚೆಲ್ಲದೆ ಹಾಕಲು ಕಣ್ಣು ಕೈ ಒಂದಾಗಬೇಕು. ಬಲ ಬೇಡವೆಂದು ಯಾರು ಹೇಳಿದರು? ಬಲವೂ ಬೇಕು. ಆದರೆ ಮನೆಗೆ ಕಂಬ ಬೇಕೆಂದು ಬರೀ ಕಂಬ ನಿಲ್ಲಿಸಿ ಅದನ್ನೇ ಮನೆ ಎನ್ನುತ್ತಾರೆಯೇ?

ಇದೆಲ್ಲ ಬೇರೆಬೇರೆಯಾಗಿ ಬೆಳೆಸಬೇಕಾದ್ದು. ಒಂದನ್ನು ಬೆಳೆಸಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಅದಕ್ಕೆ ನಾನು ವಿಲಾಯತಿಯಿಂದ ಸಾಮಾನು ತರಿಸಲಿಲ್ಲ. ಪಂಚಮಿಯಲ್ಲಿ ಆಡುವ ಫುಗಡಿ ಆಡಿಸಿದೆ, ಕೈ ಕೈ ಹಿಡಿದು ಗರಗರ ತಿರುಗಿ ನಿಂತ ಮೇಲೂ ನೆಲ ತಿರುಗಬಾರದು. ಕಲ್ಲಾಟ ಆಡಿಸಿದೆ, ಒಂದು ಹರಳು ಮೇಲೆ ಹಾರಿಸಿ ಅದು ಬೀಳುವುದರೊಳಗೆ ಕೆಳಗಿನದನ್ನು ಬಾಚಬೇಕು. ಬಾವಿಯ ಹಗ್ಗ ಸೇದಿಸಿದೆ. ಕೋಟೆಯ ಏರು ಹತ್ತಿಸಿದೆ. ಹತ್ತಿದ ಮೇಲೆ ಉಸಿರಿದ್ದರೆ ಹಾಡಿ ಎಂದೆ. ದಿನಕ್ಕೊಂದು ಬಗೆ, ಮಧ್ಯೆ ಮಧ್ಯೆ ವಿಶ್ರಾಂತಿ. ಇದನ್ನು ನಿಮಗೆ ವಿವರಿಸಿದಾಗ ನೀವು ನಕ್ಕು, ಡ್ರಿಲ್ ಬಾಯಿಯವರೇ ನೀವು ಕುಣಿತ ಕಲಿಸಿದ್ದೀರಿ, ನಮಗೆ ಬೇಕಾದ್ದು ಬಲ ಎಂದಿರಿ. ಕುಣಿದು ನೋಡದವರಿಗೆ ಕುಣಿತಕ್ಕೆ ಎಷ್ಟು ಬಲ ಬೇಕೆಂದು ಗೊತ್ತಿರುವುದಿಲ್ಲ.

ಈಗ ಕುಬರಾಳ ವಿಷಯ. ಅವಳ ಗಂಡ ಹಬೀಬ ಆ ಗದ್ದಲದ ದಿನಗಳಲ್ಲಿ ಮನೆಯಿಂದ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಕುಬರಾಳನ್ನೂ ಅತ್ತೆಯನ್ನೂ ಪಕ್ಕದ ಮನೆಯ ಗುಂಡಮ್ಮ ಎಂಬ ಶರಣೆ ತನ್ನ ಕಾಳಿನ ಕೋಣೆಯಲ್ಲಿ ಬಚ್ಚಿಟ್ಟಳು. ಹುಡುಕಿಕೊಂಡು ಬಂದವರಿಗೆ, ಇದು ನಾನು ಲಿಂಗಪೂಜೆ ಮಾಡೋ ಮನಿ, ನನ್ನ ದಾಟಿ ಒಳಗ ಹೋಗ್ರಿ ನೋಡೋಣ ಎಂದು ಹೊಸ್ತಿಲಲ್ಲಿ ಕೂತಳಂತೆ. ಬಂದವರು ಹೋದರು. ಕುಬರಾ ಉಳಿದಳು, ಆದರೆ ಅವಳ ಮೈಯಲ್ಲಿ ಆ ದಿನ ಉಳಿದುಬಿಟ್ಟಿತು.

ನಮ್ಮ ಬಯಲಿಗೆ ಬಂದಾಗ ನಡಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಲೆಯ ಮೇಲೆ ಕೊಡದ ಮೇಲೆ ಕೊಡ ಇಟ್ಟು ಮಾತಾಡುತ್ತ ಬರುವವಳು. ಆದರೆ ಹಿಂದಿನಿಂದ ಯಾರಾದರೂ ಓಡಿ ಬರುವ ಸದ್ದು ಕೇಳಿದರೆ ನಿಂತಲ್ಲೇ ಕುಸಿದು, ಸೆರಗಿನಿಂದ ತಲೆ ಮುಚ್ಚಿಕೊಂಡು ಕೂತುಬಿಡುತ್ತಿದ್ದಳು. ಎಬ್ಬಿಸಲು ಹೋದರೆ ಮೈಯೆಲ್ಲ ಮರಗಟ್ಟಿರುತ್ತಿತ್ತು. ಅದನ್ನು ಮೊದಲ ಸಲ ನೋಡಿದ ದಿನ ನಾನು ಮನೆಗೆ ಹೋಗಿ ಅತ್ತುಬಿಟ್ಟೆ. ನನಗೆ ಅಳುವ ಅಭ್ಯಾಸವಿಲ್ಲ.

ಅವಳಿಗಾಗಿ ಆಟ ಬದಲಿಸಿದೆ. ಮೊದಲು ಎದುರಿನಿಂದ ನಿಧಾನ ಬರುವುದು, ಅವಳು ಕಂಡು ಪಕ್ಕಕ್ಕೆ ಸರಿಯುವುದು. ಆಮೇಲೆ ಬದಿಯಿಂದ. ಆಮೇಲೆ ಹಿಂದಿನಿಂದ, ಆದರೆ ಹೆಸರು ಕೂಗಿ ಬರುವುದು. ಕೊನೆಗೆ ಕೂಗದೆ. ಜನವಾಡದ ಸುಂದರಬಾಯಿ ಈ ಆಟದಲ್ಲಿ ಅವಳ ಜೊತೆಗಾತಿ. ಒಂದು ಸಂಜೆ ಸುಂದರಬಾಯಿ ಹಿಂದಿನಿಂದ ಜೋರಾಗಿ ಓಡಿ ಬಂದಳು. ಕುಬರಾ ಕೂರಲಿಲ್ಲ. ಗಕ್ಕನೆ ತಿರುಗಿ, ಅವಳ ಎರಡೂ ಕೈ ಹಿಡಿದು, ಅದೇ ವೇಗದಲ್ಲಿ ಫುಗಡಿಗೆ ತಿರುಗಿಸಿಬಿಟ್ಟಳು. ಇಬ್ಬರೂ ಬಿದ್ದು ನಕ್ಕರು. ಖುರ್ಷಿದ ಬೇಗಂ ಮಾತ್ರ ನಗಲಿಲ್ಲ, ಕಣ್ಣೊರೆಸಿಕೊಂಡರು. ಗಂಡ ಹೋದ ಮೇಲೆ ಸೊಸೆ ನಕ್ಕದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು.

ಇಂಥ ಹೆಣ್ಣು ನಿಮ್ಮ ಮುಂದೆ ಬಂದು ನಿಂತಳು. ನೀವು ಏನು ನೋಡಿದಿರಿ? ನೆಲದ ಮೇಲೆ ಅರ್ಧ ಚೀಲ ಜೋಳ ಇಡಿಸಿ, ಅದನ್ನು ತಲೆಗೇರಿಸಿಕೊಂಡು ಬೇವಿನ ಗಿಡದ ತನಕ ಹೋಗಿ ಬಾ ಎಂದಿರಿ. ಕುಬರಾ ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಚೀಲದ ಪಕ್ಕದಲ್ಲಿ ಮಂಡಿ ಬಗ್ಗಿಸಿ ತಯಾರಾಗಿ ನಿಂತಳು. ನಿಂತೇ ಇದ್ದಳು. ನೀವು ಗಡಿಯಾರ ನೋಡಿದಿರಿ. ಅವಳು ಅತ್ತಿತ್ತ ನೋಡಿ, ತೀರ ಹತ್ತಿರ ಇದ್ದವರು ನೀವೇ ಆದ್ದರಿಂದ ನಿಮಗೇ ಹೇಳಿದಳು:

“ಸಾಹೇಬ್ರ, ಒಂದ್ ಕೈ ಹಚ್ಚರಿ.”

ನಿಮ್ಮ ಸುತ್ತ ಇದ್ದವರು ಘೊಳ್ಳೆಂದು ನಕ್ಕರು. ನೀವು ಕೆಂಪಾದಿರಿ. ಸಹಾಯ ಬೇಡಿದಳು, ಅಧಿಕಾರಿಯೊಡನೆ ಉದ್ಧಟತನ ತೋರಿದಳು, ಅನರ್ಹ ಎಂದು ಬರೆಸಿದಿರಿ. ಕೇಳಿ ಸ್ವಾಮಿ, ಈ ಸೀಮೆಯಲ್ಲಿ ತಲೆಹೊರೆಯನ್ನು ಯಾರೂ ತಾವೇ ಎತ್ತಿಕೊಳ್ಳುವುದಿಲ್ಲ. ಹೊರುವುದು ಹೊರುವವರ ಕೆಲಸ, ಎತ್ತಿಕೊಡುವುದು ಹತ್ತಿರ ಇದ್ದವರ ಕೆಲಸ. ಹೊಲದಲ್ಲಿ ಮೇವಿನ ಹೊರೆ ಕಟ್ಟಿ ನಿಂತ ಹೆಣ್ಣುಮಗಳು ದಾರಿಯಲ್ಲಿ ಹೋಗುವ ಗೌಡನನ್ನೂ ಕರೆಯುತ್ತಾಳೆ, ಗೌಡ ಕುದುರೆ ಇಳಿದು ಕೈ ಹಚ್ಚಿ ಹೋಗುತ್ತಾನೆ. ಜಾತಿ ಕೇಳುವ ಊರಿನಲ್ಲೂ ಆ ಹೊತ್ತಿಗೆ ಜಾತಿ ಕೇಳುವುದಿಲ್ಲ. ಕರೆದರೂ ಕೈ ಹಚ್ಚದೆ ಹೋದವನನ್ನು ಜನ ಆಡಿಕೊಳ್ಳುತ್ತಾರೆ. ಶನಿವಾರದಿಂದ ನಿಮ್ಮನ್ನು ಆಡಿಕೊಳ್ಳುತ್ತಿರುವಂತೆ.

ಇದು ಬರೀ ಮರ್ಯಾದೆಯ ಮಾತಲ್ಲ, ಮೈಯ ಮಾತು. ನೆಲದಿಂದ ತಲೆಗೆ ಒಬ್ಬರೇ ಜಗ್ಗಿದರೆ ಸೊಂಟ ಹೋಗುತ್ತದೆ. ಸುಂದರಬಾಯಿಯ ಸೊಂಟ ಹೋಯಿತು. ಕುಬರಾಳ ಗತಿ ನೋಡಿ, ಕೇಳಿದರೆ ಹೊರಗೆ ಹಾಕುತ್ತಾರೆಂದು ಹೆದರಿ, ಒಬ್ಬಳೇ ಜಗ್ಗಿದಳು. ಈಗ ಜನವಾಡದಲ್ಲಿ ಬಿಸಿ ಉಸುಕಿನ ಗಂಟು ಕಟ್ಟಿಕೊಂಡು ಮಲಗಿದ್ದಾಳೆ. ಹೊರಳಲು ಆಗುತ್ತಿಲ್ಲ. ಆರೋಗ್ಯ ತಂಡ ಕಟ್ಟಲು ಹೊರಟು ಇದ್ದ ಆರೋಗ್ಯವನ್ನೂ ಕೆಡಿಸಿದ ಕೀರ್ತಿ ನಿಮ್ಮದು.

ಅಲ್ಲಿ ನಿಮ್ಮ ಕಚೇರಿಯ ಈ ನೆಲದ ಮನುಷ್ಯನೊಬ್ಬ ನಿಂತಿದ್ದ. ಅವನ ತಾಯಿಯೂ ಹೀಗೇ ಹೊರೆ ಹೊತ್ತವಳು. ಅವನು ನಗಲಿಲ್ಲ, ನೆಲ ನೋಡುತ್ತಿದ್ದ. ಸಾಹೇಬರಿಗೆ ನಮ್ಮ ಪದ್ಧತಿ ಹೇಳಬಾರದಿತ್ತೇನಪ್ಪ ಎಂದು ಗೇಟಿನಲ್ಲಿ ಕೇಳಿದೆ. “ಕೇಳಿದ್ರ ಹೇಳ್ತಿದ್ದೆರಿ ಬಾಯಿ. ನಮಗ ಯಾರ್ ಕೇಳ್ತಾರ?” ಎಂದ. ಅವನ ಹೆಸರು ಬರೆಯುವುದಿಲ್ಲ, ಅವನ ಮನೆಯಲ್ಲೂ ಒಲೆ ಉರಿಯಬೇಕು. ನಿಜಾಮರ ಕಾಲದಲ್ಲಿ ಸಾಹೇಬರು ಉರ್ದುವಿನಲ್ಲಿ ಬರೆದು ನಮ್ಮನ್ನು ಕೇಳುತ್ತಿರಲಿಲ್ಲ. ಈಗ ಇಂಗ್ಲಿಷಿನಲ್ಲಿ ಬರೆದು ಕೇಳುವುದಿಲ್ಲ. ಬಿಡುಗಡೆ ಎಂದರೆ ಶಾಯಿ ಬದಲಾಯಿಸುವುದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಪರೀಕ್ಷೆಯಲ್ಲಿ ಗೆದ್ದವಳು ಒಬ್ಬಳೇ, ಭಾಲ್ಕಿಯ ಕೌಸಲ್ಯಾಬಾಯಿ. ಹತ್ತಿಯ ಕಾರಖಾನೆಯಲ್ಲಿ ದುಡಿದ ಗಟ್ಟಿ ಹೆಣ್ಣು, ನಮ್ಮ ಬಯಲಿಗೂ ಬಂದು ಕುಬರಾಳ ನಡಿಗೆ ನೋಡಿದ್ದವಳು, ಅವಳ ಬಗ್ಗೆ ನನಗೆ ಗೌರವವಿದೆ. ಅವಳನ್ನು ಔರಾದಿನ ಕಡೆಗೆ ಕಳಿಸಿದಿರಿ. ಮೂರೇ ದಿನದಲ್ಲಿ ಅವಳು ತಿರುಗಿ ಬಂದು ನನ್ನ ಜಗಲಿಯ ಮೇಲೆ ಕೂತಳು. ಸ್ಟ್ರೆಚರಿನ ಒಂದು ತುದಿ ತಾನು ಹಿಡಿದರೆ ಇನ್ನೊಂದು ತುದಿ ಯಾರು ಹಿಡಿಯಬೇಕು ಎಂದು ಕೇಳಿದಳು. ಬೇನೆ ಬಿದ್ದ ಹೆಂಗಸನ್ನು ಗಂಡಸರು ಮುಟ್ಟಲು ಮನೆಯವರು ಬಿಡುತ್ತಿಲ್ಲ. ಒಬ್ಬಳೇ ಬೆನ್ನ ಮೇಲೆ ಹೊತ್ತುಕೊಂಡು ಬರುವಾಗ ಕೆಸರಲ್ಲಿ ಜಾರಿ ಇಬ್ಬರೂ ಬಿದ್ದರಂತೆ. ಬಲಕ್ಕೇನು ಕೊರತೆ ಇರಲಿಲ್ಲ. “ಆಕಿಗೆ ಕಳಸ್ರಿ ಬಾಯಿ, ಆ ಕುಶನೂರಾಕಿಗೆ. ಆಕಿ ಕಾಲು ಜಾರಂಗಿಲ್ಲ. ಇಲ್ಲಾಂದ್ರ ನಾನೂ ಹೋಗಾಂಗಿಲ್ಲ,” ಎಂದಳು. ನೀವೇ ಆರಿಸಿದವಳ ಮಾತು ಇದು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎಂಬುದನ್ನು ನಿಮ್ಮ ಊರಿನ ಭಾಷೆಯಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಏನಾದರೂ ಅಂದೇ ಇರುತ್ತಾರೆ.

ಇದನ್ನೇ ಹೇಳಲು ನಾನು ನಿಮ್ಮಲ್ಲಿಗೆ ಬಂದೆ. ನಿಯಮ ನಿಯಮವೇ ಎಂದಿರಿ. ಯಾರ ನಿಯಮ ಎಂದೆ. ಆಗಲೇ ನೀವು ಎದ್ದು ಹೋಗಿ ಎಂದದ್ದು.

ಹೊತ್ತು ಹೆಚ್ಚಿಲ್ಲ. ಹೈದರಾಬಾದಿನಲ್ಲಿರುವ ಕುಬರಾಳ ಅಣ್ಣ ಮಕ್ಸೂದ ಇಷ್ಟು ದಿನ ತಂಗಿಗೆ ಕೆಲಸ ಸಿಗುವ ಆಸೆಯಿಂದ ಕಾದಿದ್ದ. ಈಗ ಅವಳನ್ನೂ ಅತ್ತೆಯನ್ನೂ ಕರೆದೊಯ್ಯಲು ಬರುವ ಗುರುವಾರ ಭಾಲ್ಕಿಗೆ ಬರುತ್ತಿದ್ದಾನೆ. ಒಳ್ಳೆಯ ಮನುಷ್ಯ, ಆದರೆ ಸಣ್ಣ ಮನೆ, ದೊಡ್ಡ ಸಂಸಾರ. ನಿನಗೆ ಅಲ್ಲಿ ಸುಖವಿರುತ್ತದಲ್ಲವೇ ಎಂದು ಕುಬರಾಳನ್ನು ಕೇಳಿದೆ. “ಅಲ್ಲಿ ನಂಗ ಊಟ ಹಾಕ್ತಾರ್ರಿ. ಇಲ್ಲಿ ನಾ ದುಡದು ಉಣ್ತಿದ್ದೆ,” ಎಂದಳು. ಮತ್ತೆ, “ಒಂದ್ ವೇಳೆ ಅವರು ತಿರುಗಿ ಬಂದ್ರ, ಮನಿ ಬಾಗ್ಲಾ ಯಾರು ತೆಗೀಬೇಕ್ರಿ?” ಎಂದಳು. ಹಬೀಬ ಬರುವುದಿಲ್ಲವೆಂದು ನನಗೆ ಗೊತ್ತು, ಅವಳಿಗೂ ಗೊತ್ತು. ಅವಳ ಪ್ರಶ್ನೆಯನ್ನು ನಿಮಗೇ ತಂದಿದ್ದೇನೆ. ಉತ್ತರ ನಿಮ್ಮ ಮೇಜಿನ ಮೇಲಿದೆ.

ಆದ್ದರಿಂದ ನನ್ನ ಬೇಡಿಕೆ. ವಿನಂತಿ ಎಂದು ಬರೆಯಲು ಕೈ ಬರುತ್ತಿಲ್ಲ. ಕುಬರಾಳ ಹೆಸರಿನ ಮುಂದೆ ಬರೆಸಿದ ಮಾತನ್ನು ಹೊಡೆದುಹಾಕಿ. ಬುಧವಾರದೊಳಗೆ ಎಲ್ಲ ಹೆಂಗಸರನ್ನೂ ಮತ್ತೆ ಕರೆಯಿರಿ. ನಡೆಸಿ ನೋಡಿ, ಹಳ್ಳ ದಾಟಿಸಿ ನೋಡಿ, ಇಬ್ಬಿಬ್ಬರನ್ನು ಸ್ಟ್ರೆಚರಿಗೆ ಹಚ್ಚಿ ನೋಡಿ, ಮಲಗಿದವರನ್ನು ಹೊರಳಿಸಿ ಔಷಧ ಕುಡಿಸಲು ಹೇಳಿ ನೋಡಿ. ಆಮೇಲೆ ಅವಳು ಸೋತರೆ ನಾನೇ ನಿಮ್ಮ ಕಚೇರಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ. ಸುಂದರಬಾಯಿಯ ಸೊಂಟಕ್ಕೆ ನಿಮ್ಮ ಡಾಕ್ಟರನ್ನು ಜನವಾಡಕ್ಕೆ ಕಳಿಸಿ. ಅದಕ್ಕೆ ಪರೀಕ್ಷೆ ಬೇಡ.

ಇಷ್ಟೂ ನಿಮ್ಮಿಂದ ಆಗದಿದ್ದರೆ, ಗುರುವಾರ ಮಧ್ಯಾಹ್ನ ನೀವೇ ಭಾಲ್ಕಿ ಸ್ಟೇಶನ್ನಿಗೆ ಬನ್ನಿ. ರೈಲಿನ ಕಿಟಕಿಯ ಹತ್ತಿರ ನಿಂತು, ನೀನು ಯಾಕೆ ಈ ಊರಿಗೆ ಬೇಡವಾದೆ ಎಂದು ಅವಳಿಗೆ ನೀವೇ ಹೇಳಿ. ನನ್ನಿಂದ ಅದು ಆಗದು. ಹೆದರದೆ ಓಡುವುದನ್ನು ನಾನು ಅವಳಿಗೆ ಕಲಿಸಿದೆ. ಊರು ಬಿಟ್ಟು ಓಡಲಿ ಎಂದು ಕಲಿಸಲಿಲ್ಲ.

ಇಂತಿ,
ಬುಧವಾರದವರೆಗೆ ಮಾತ್ರ ತಮ್ಮ ವಿಧೇಯಳಾದ
ರೂತ ಪ್ರಭುದಾಸ
ಡ್ರಿಲ್ ಶಿಕ್ಷಕಿ, ಬೀದರ