ಅವ್ವನ ಫೋನಿನಲ್ಲಿ ಎಲ್ಲರೂ ಅಪರಿಚಿತರಾದ ಬಗ್ಗೆ

ಮೊಬೈಲ್ ಬಳಕೆದಾರರ ಹಿತ ಕಾಯಲೆಂದು ಸರ್ಕಾರ ಕುರ್ಚಿ ಕೊಟ್ಟು ಕೂರಿಸಿರುವ ಮಾನ್ಯ ಉನ್ನತಾಧಿಕಾರಿಗಳೇ,

ನನ್ನ ಅಪ್ಪ ಕಾಲುವೆಯಲ್ಲಿ ಬಿದ್ದು, ತೊಡೆಯ ಎಲುಬು ಮುರಿದುಕೊಂಡು ನನ್ನ ಅವ್ವನಿಗೆ ಫೋನ್ ಮಾಡುತ್ತಿದ್ದಾಗ, ಅವ್ವ ಅಂಗಳದಲ್ಲೇ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಫೋನು ರಿಂಗಾದದ್ದು ಅವಳಿಗೆ ಚೆನ್ನಾಗಿ ಕೇಳಿಸಿತು. ಎತ್ತಲಿಲ್ಲ. ಕಾರಣವಿಷ್ಟೇ: ಆ ವಾರವಷ್ಟೇ ನಾವು ಅವಳನ್ನು ಒಂದು ಬಗೆಯ ಸ್ಮಾರ್ಟ್‌ಫೋನಿನಿಂದ ಇನ್ನೊಂದು ಬಗೆಯ ಸ್ಮಾರ್ಟ್‌ಫೋನಿಗೆ ಸ್ಥಳಾಂತರಿಸಿದ್ದೆವು. ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ನಿಮಗೆ ಹೊಳೆಯದಿದ್ದರೆ ನನಗೆ ಬೇಸರವಿಲ್ಲ. ಇದೇ ಸಂಗತಿಯನ್ನು ಬರೆದು ನಿಮ್ಮ ಜಾಲತಾಣದಲ್ಲಿ ದೂರು ಕೊಟ್ಟಿದ್ದೆ. ‘ನಿಮ್ಮ ಅಹವಾಲನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ’ ಎಂದು ಉತ್ತರ ಬಂತು. ಮುಕ್ತಾಯವಾದ ನನ್ನ ಅಹವಾಲು ಈಗಲೂ ತೊಡೆಯಲ್ಲಿ ರಾಡು ಹಾಕಿಸಿಕೊಂಡು ನನ್ನ ತಮ್ಮನ ಮನೆಯ ಮಂಚದ ಮೇಲೆ ಮಲಗಿದೆ. ಆದ್ದರಿಂದ ಪತ್ರಿಕೆಯ ಮೂಲಕ ಇನ್ನೊಮ್ಮೆ ಬರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ, ಸಿಟ್ಟು ಮಾಡಿಕೊಳ್ಳುವ ತ್ರಾಣ ಉಳಿದಿಲ್ಲ.

ನಾನು ಬನಹಟ್ಟಿಯಲ್ಲಿ ಒಂದು ಸಹಕಾರಿ ಸಂಘದ ಗುಮಾಸ್ತೆ. ತವರುಮನೆ ಅನಗವಾಡಿಯ ಕಡೆ. ತಮ್ಮ ತುಕಾರಾಮ ಬೀಳಗಿಯಲ್ಲಿ ವಿಮೆಯ ಕೆಲಸದಲ್ಲಿದ್ದಾನೆ, ಅಪ್ಪ–ಅವ್ವ ಅವನ ಜೊತೆಗೇ ಇದ್ದಾರೆ. ಮನೆಗೆ ಪಗಾರ ಬರತೊಡಗಿ ವರ್ಷಗಳಾದರೂ ಅಪ್ಪ ಭೀಮಶಿ ಕುರಿ ಬಿಡಲಿಲ್ಲ. ‘ಬೀರಪ್ಪ ದೇವ್ರು ಕೊಟ್ಟ ಕುರಿ. ಪಗಾರ ಬಂತಂತ ಬಿಡಾಕ ಬರತೈತೇನು?’ ಎನ್ನುತ್ತಿದ್ದ. ಸುಗ್ಗಿ ಮುಗಿದ ಮೇಲೆ ನದಿಯಾಚೆಯ ಹೊಲಗಳಲ್ಲಿ, ಗೊಬ್ಬರ ಬೇಕಾದವರ ಕರೆಯ ಮೇಲೆ, ಇಂದು ಒಬ್ಬರ ಹೊಲ, ನಾಲ್ಕು ದಿನ ಬಿಟ್ಟು ಇನ್ನೊಬ್ಬರ ಹೊಲ ಎಂದು ಕುರಿ ನಿಲ್ಲಿಸುತ್ತ ಹೋಗುವುದು ನಮ್ಮವರ ಪದ್ಧತಿ. ಜೊತೆಗೆ ಸೋದರಮಾವ ಅಪ್ಪಾಸಾಬ ಇರುತ್ತಾನೆ. ಇವತ್ತು ಕುರಿ ಎಲ್ಲಿ ನಿಂತಿವೆ ಎಂದು ಅಪ್ಪ ಫೋನಿನಲ್ಲಿ ಹೇಳಬೇಕು, ಅವ್ವ ಮರುದಿನ ರೊಟ್ಟಿ ಬುತ್ತಿ ಕಟ್ಟಿ ಆ ಕಡೆಯ ಬಸ್ಸಿಗೆ ಕೊಡಬೇಕು. ಅವರಿಬ್ಬರ ಸಂಸಾರ ಆ ಒಂದು ಫೋನಿನ ಮೇಲೆ ನಡೆದಿತ್ತು.

ಅವ್ವನಿಗೆ, ಅವಳ ಹೆಸರು ಸಾತವ್ವ, ಓದಲು ಬರುವುದಿಲ್ಲ. ಪರದೆಯ ಮೇಲೆ ಹೆಸರು ಬರುತ್ತದಲ್ಲ, ಫೋಟೋ ಬರುತ್ತದಲ್ಲ ಎಂದು ನೀವು ಕೇಳಬಹುದು. ಅವಳ ಫೋನು ಕೈಯಲ್ಲಿ ಇರುವುದೇ ಇಲ್ಲ. ಬಾಗಿಲ ಪಕ್ಕದ ಗೂಟಕ್ಕೆ ಒಂದು ಬಟ್ಟೆಚೀಲ, ಚೀಲದೊಳಗೆ ಫೋನು. ಅವಳು ಕೇಳುವುದು ದನಿಯನ್ನು. ಅದಕ್ಕೆಂದೇ ತುಕಾರಾಮನ ಮಗಳು ಪೂನಮ್, ಧಾರವಾಡದ ಹಾಸ್ಟೆಲಿಗೆ ಹೋಗುವ ಮುಂಚೆ, ಅಜ್ಜಿಯ ಹಳೆಯ ಫೋನಿನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ದನಿ ಹಾಕಿಕೊಟ್ಟಿದ್ದಳು. ಅಪ್ಪ ಫೋನ್ ಮಾಡಿದರೆ ಅಪ್ಪನೇ ಕುರಿ ಕರೆಯುವ ದನಿ, ‘ಹುರ್ರ್ಯೋ… ಬಾ ಬಾ ಬಾ’. ಮಾವ ಅಪ್ಪಾಸಾಬ ಮಾಡಿದರೆ ಡೊಳ್ಳು. ನಾನು ಮಾಡಿದರೆ ಬನಹಟ್ಟಿಯ ಮಗ್ಗದ ಸಪ್ಪಳ. ತುಬಚಿಯಲ್ಲಿರುವ ಅವಳ ತಂಗಿ ತಂಗೆವ್ವ ಚಿಗವ್ವ ತಾನೇ ಬೈದು ರೆಕಾರ್ಡ್ ಮಾಡಿಸಿದ್ದಳು: ‘ಎತ್ತಬೇ ಸಾತವ್ವಾ, ಕೈಯಾಗೇನು ಬಂಗಾರ ಹಿಡದೀಯೇನು?’ ಚೀಲದೊಳಗಿಂದ ಈ ಬೈಗುಳ ಕೇಳಿಸಿದರೆ ಅವ್ವ ಒಲೆಯ ಮುಂದಿನಿಂದ ನಗುತ್ತ ಎದ್ದು ಬರುತ್ತಿದ್ದಳು.

ಇವರನ್ನು ಬಿಟ್ಟು ಬೇರೆ ಯಾರೇ ಮಾಡಿದರೂ ಕಂಪನಿಯವರೇ ಹಾಕಿ ಕಳಿಸಿದ ರಾಗ ಬರುತ್ತಿತ್ತು. ಅವ್ವನ ಲೆಕ್ಕದಲ್ಲಿ ಕಂಪನಿಯ ರಾಗವೆಂದರೆ ಪರಕೀಯರು, ಅದನ್ನು ಎತ್ತಬಾರದು. ಅಪರಿಚಿತರ ಕರೆಗೆ ಮರುಳಾಗಬೇಡಿ, ಮೋಸ ಹೋಗಬೇಡಿ ಎಂದು ನೀವೂ ಹೇಳುತ್ತೀರಿ, ನಾವೂ ಹೇಳಿದ್ದೆವು. ಓದು ಬಾರದ ಹೆಂಗಸೊಬ್ಬಳು ನಿಮ್ಮ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಿದ ಉದಾಹರಣೆ ನಿಮ್ಮ ಕಚೇರಿಗೆ ಬೇಕಿದ್ದರೆ ನಮ್ಮ ಅವ್ವನನ್ನು ತೋರಿಸಬಹುದು.

ಇನ್ನು ಪಂಗಡಗಳ ವಿಷಯ. ಫೋನುಗಳಲ್ಲಿ ಎರಡು ಪಂಗಡಗಳಿರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಸರು ಹಿಡಿದು ಬರೆದರೆ ಅವರ ವಕೀಲರಿಗೆ ಉತ್ತರ ಕೊಡುವ ಶಕ್ತಿ ನನಗಿಲ್ಲ, ಆದ್ದರಿಂದ ಆ ಕಡೆ, ಈ ಕಡೆ ಎನ್ನುತ್ತೇನೆ. ನಾನೂ ಒಮ್ಮೆ ಆ ಕಡೆ ಹೋಗಿ, ಸಂಘದ ಕೆಲಸದ ಫೈಲುಗಳು ತೆರೆಯದೆ ಸುಸ್ತಾಗಿ ಈ ಕಡೆ ವಾಪಸು ಬಂದವಳು. ಹೋಗುವಾಗ ನನ್ನ ಫೋಟೋ, ಫೈಲುಗಳಲ್ಲಿ ಕೆಲವು ಕಳೆದವು, ಬರುವಾಗ ಉಳಿದದ್ದು ಕಳೆಯಿತು. ನನ್ನ ಗಂಡ ಧರ್ಮರಾಜ ಇನ್ನೂ ಆ ಕಡೆಯೇ ಇದ್ದಾರೆ. ಒಂದೇ ಮನೆಯಲ್ಲಿ, ಒಂದೇ ಸೋಫಾದ ಮೇಲೆ ಕುಳಿತು, ಮಗಳ ಹುಟ್ಟುಹಬ್ಬದ ವಿಡಿಯೊ ಅವರ ಫೋನಿನಿಂದ ನನ್ನ ಫೋನಿಗೆ ಬರುವ ಹೊತ್ತಿಗೆ ಮಗಳ ಮುಖ ಮಸುಕಾಗಿರುತ್ತದೆ. ನಾವಿಬ್ಬರೂ ಈಗ ಅದರ ಬಗ್ಗೆ ಮಾತಾಡುವುದಿಲ್ಲ.

ತುಕಾರಾಮನದು ಬೇರೆ. ಅವನು ಆ ಕಡೆ ಸೇರಿದ ಮೇಲೆ ದೀಕ್ಷೆ ತೆಗೆದುಕೊಂಡವನಂತಾದ. ‘ಅಕ್ಕಾ, ಒಮ್ಮಿ ನಮ್ಮ ಕಡೆ ಬಾ. ತಿರುಗಿ ನೋಡಿದ್ರ ಕೇಳು’ ಎಂದು ಸಿಕ್ಕಾಗಲೆಲ್ಲ ಉಪದೇಶ. ಹೊಸ ಮಾದರಿ ಬಂದಾಗ ಕೊಂಡ. ಕೈಯಲ್ಲಿದ್ದ ಹಳೆಯದನ್ನು, ಅದೂ ಚೆನ್ನಾಗಿಯೇ ಇತ್ತು, ಪ್ರೀತಿಯಿಂದ ಅವ್ವನಿಗೆ ಕೊಟ್ಟ. ಅವ್ವನ ಫೋನನ್ನು ಜಮಖಂಡಿಯ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಹಾಕಿದ. ಅಂಗಡಿಯ ಶಿವಯೋಗಿ ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ಎಲ್ಲವನ್ನೂ ದಾಟಿಸಿಕೊಟ್ಟ. ‘ಒಂದು ಸ್ಪರ್ಶ ಸಾಕು, ನಿಮ್ಮದೆಲ್ಲ ನಿಮ್ಮೊಡನೆ ಬರುತ್ತದೆ’ ಎಂದು ಕಂಪನಿಯ ಜಾಹೀರಾತು ಗೋಡೆಯ ಮೇಲಿತ್ತು. ನಿಜ, ಬಹಳಷ್ಟು ಬಂತು. ನಂಬರುಗಳು ಬಂದವು. ಯಾರ್ಯಾರೋ ಕಳಿಸಿದ ಶುಭೋದಯದ ಹೂವುಗಳೆಲ್ಲ ಒಂದೂ ಬಾಡದೆ ಬಂದವು. ದನಿಗಳು ಬರಲಿಲ್ಲ. ಬರಲಿಲ್ಲವೆಂದು ಆ ಫೋನು ಹೇಳಲಿಲ್ಲ, ಈ ಫೋನೂ ಹೇಳಲಿಲ್ಲ. ಹಳೆಯದನ್ನು ಅಂಗಡಿಯಲ್ಲೇ ಅಳಿಸಿ ಚೊಕ್ಕ ಮಾಡಿ ಕಪಾಟಿನೊಳಗಿಟ್ಟರು.

ಮುಂದಿನ ಕೆಲವು ದಿನಗಳಲ್ಲಿ ಏನಾಯಿತೆಂಬುದು ನಮಗೆ ತಿಳಿದದ್ದು ಅಪ್ಪ ಬಿದ್ದ ಮೇಲೆ. ಹೊಸ ಫೋನಿನಲ್ಲಿ ಯಾರು ಮಾಡಿದರೂ ಕಂಪನಿಯ ರಾಗವೇ. ಹೀಗಾಗಿ ಅವ್ವನ ಪಾಲಿಗೆ ಇಡೀ ಬಳಗವೇ ಪರಕೀಯವಾಯಿತು. ಅವಳು ಯಾರ ಕರೆಯನ್ನೂ ಎತ್ತಲಿಲ್ಲ. ಫೋನು ಕೆಟ್ಟಿದೆಯೆಂದು ಅವಳಿಗೆ ಅನ್ನಿಸಲೇ ಇಲ್ಲ. ನಾವು ಫೋನ್ ಮಾಡುವುದನ್ನು ಬಿಟ್ಟಿದ್ದೇವೆ ಎಂದುಕೊಂಡಳು. ‘ಯಾರೂ ಫೋನ್ ಮಾಡವಲ್ರು. ಎಲ್ಲಾರಿಗೂ ಅವರವರ ಕೆಲಸ’ ಎಂದು ಸೊಸೆ ಕಾಂಚನಾಳ ಮುಂದೆ ಒಮ್ಮೆ ಅಂದಳಂತೆ. ಅವ್ವನಿಗೆ ಕೆಲಸ ಹೆಚ್ಚಾಗಿದೆ ಎಂದು ನಾನಂದುಕೊಂಡೆ. ತಂಗೆವ್ವ ಚಿಗವ್ವ, ‘ಮಗನ ದೊಡ್ಡ ಫೋನ್ ಬಂತು, ತಂಗಿ ನೆನಪು ಹೋತು’ ಎಂದು ಮುನಿಸಿಕೊಂಡು ಸುಮ್ಮನಾದಳು. ಅಪ್ಪ ಮೊದಲ ಎರಡು ದಿನ ಅವಳು ಎತ್ತದಿದ್ದಾಗ, ಸಂಜೆ ತುಕಾರಾಮ ಮನೆಗೆ ಬಂದ ಮೇಲೆ ಅಪ್ಪಾಸಾಬನ ಫೋನಿನಿಂದ ಅವನಿಗೇ ಮಾಡಿಸಿ ಬುತ್ತಿಗೆ ಹೇಳಿದ; ಅವ್ವ ಎತ್ತಲಿಲ್ಲವೆಂಬುದನ್ನು ಹೇಳಲಿಲ್ಲ. ಅವ್ವ ಬುತ್ತಿ ಕಟ್ಟಿದಳು. ಗಂಡ ತನ್ನನ್ನು ಬಿಟ್ಟು ಮಗನಿಗೆ ಹೇಳುತ್ತಿದ್ದಾನೆಂದು ಒಳಗೇ ನೊಂದುಕೊಂಡಳು. ಮಾನ್ಯರೇ, ಒಂದು ಮನೆಯ ಜನ ಯಾರ ತಪ್ಪೂ ಇಲ್ಲದೆ ಒಬ್ಬರ ಮೇಲೊಬ್ಬರು ಹೀಗೆ ಬೇಸರಪಟ್ಟುಕೊಳ್ಳುವುದನ್ನು ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? ಆರೋಗ್ಯಕರ ಸ್ಪರ್ಧೆ ಎನ್ನುತ್ತಾರೆಯೇ?

ಆ ದಿನ ಕುರಿಗಳು ತುಬಚಿಯ ಆಚೆ ಹೊಸ ಹೊಲಕ್ಕೆ ಹೊರಟಿದ್ದವು. ಅಪ್ಪಾಸಾಬ ಹಿಂಡಿನ ಮುಂದೆ, ಅಪ್ಪ ಹಿಂದೆ. ನೀರಿಲ್ಲದ ಕಾಲುವೆಯೊಳಗೆ ಒಂದು ಮರಿ ಇಳಿದಿತ್ತು. ಅದನ್ನು ಎತ್ತಿಕೊಳ್ಳಲು ಹೋದ ಅಪ್ಪ ದಂಡೆಯಿಂದ ಜಾರಿ ಕಲ್ಲಿನ ಮೇಲೆ ಬಿದ್ದ. ಏಳಲಾಗಲಿಲ್ಲ. ಅಪ್ಪನದು ಗುಂಡಿ ಒತ್ತುವ ಚಿಕ್ಕ ಫೋನು. ಅವನಿಗೆ ಮಾಡಲು ಬರುವುದು ಒಂದೇ ಕರೆ: ಎರಡನೆಯ ಗುಂಡಿ ಒತ್ತಿ ಹಿಡಿದರೆ ಅವ್ವ. ‘ಅಕಿಗೆ ಹೇಳಿದ್ರ ಎಲ್ಲಾರಿಗೂ ಹೇಳಿದಂಗ’ ಎಂದು ಬೇರೆ ಗುಂಡಿ ಕಲಿಯಲು ಅವನು ಒಪ್ಪಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಾಲುವೆಯ ತಳದಲ್ಲಿ ಮಲಗಿ ಅವನು ಆ ಗುಂಡಿಯನ್ನು ಒತ್ತುತ್ತಲೇ ಇದ್ದ.

ಇತ್ತ ಬೀಳಗಿಯ ಮನೆಯಲ್ಲಿ ಗೂಟದ ಚೀಲದೊಳಗೆ ಕಂಪನಿಯ ರಾಗ ನುಡಿಯುತ್ತಲೇ ಇತ್ತು. ಪಕ್ಕದ ಮನೆಯ ಅನಸವ್ವ ಜೊತೆಗೆ ಕುಳಿತಿದ್ದಳು. ‘ಯಾರದು ಸಾತವ್ವಾ, ಒಂದ ಸವನ ಹೊಡಕೊಳ್ಳಾಕತ್ತೈತಲ್ಲ?’ ಎಂದು ಕೇಳಿದಳಂತೆ. ‘ಯಾರೋ ಸಾಲ ಕೊಡ್ತೇವನ್ನಾವ್ರು ಇರಬೇಕು. ನಮ್ಮವರಲ್ಲ ತಗೋ’ ಎಂದು ಅವ್ವ ಉತ್ತರಿಸಿದಳಂತೆ. ಹೊತ್ತು ಇಳಿಯುವಾಗ ಹಿಂಡಿನ ಹಿಂದೆ ಅಪ್ಪ ಇಲ್ಲದ್ದು ಕಂಡು ಅಪ್ಪಾಸಾಬ ಹುಡುಕಿಕೊಂಡು ಬಂದ. ಮರಿ ಅಪ್ಪನ ಎದೆಯ ಹತ್ತಿರವೇ ಕುಳಿತಿತ್ತು. ಯಾರದೋ ಗಾಡಿ ಹಿಡಿದು ಜಮಖಂಡಿಯ ದವಾಖಾನೆಗೆ ತಂದರು. ಇಷ್ಟು ಹೊತ್ತು ಹಾಗೇ ಬಿದ್ದಿರಬಾರದಿತ್ತು, ಒಳಗೆ ರಕ್ತ ಬಹಳ ಹೋಗಿದೆ ಎಂದು ಡಾಕ್ಟರು ಹೇಳಿದರು. ಜೀವ ಉಳಿಯಿತು. ಕಾಲು ಮೊದಲಿನಂತಾಗುವುದಿಲ್ಲವಂತೆ. ಕುರಿಯ ಹಿಂದೆ ಹೋಗುವ ಮಾತು ಮುಗಿದಂತೆಯೇ; ಕುರಿಗಳನ್ನೆಲ್ಲ ಅಪ್ಪಾಸಾಬನಿಗೆ ಒಪ್ಪಿಸಿದ್ದಾಯಿತು.

ದವಾಖಾನೆಯಲ್ಲಿ ಅಪ್ಪ ಕಣ್ಣು ಬಿಟ್ಟು ಮೊದಲು ಕೇಳಿದ್ದು ಅವ್ವನನ್ನು. ‘ಯಾಕ ಎತ್ತಲಿಲ್ಲ?’

‘ನೀವಂತ ನನಗ ಹೆಂಗ ಗೊತ್ತಾಗಬೇಕ್ರಿ? ನಿಮ್ಮ ದನಿ ಬರಲಿಲ್ಲ’ ಎಂದಳು ಅವ್ವ. ತುಕಾರಾಮ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನನ್ನು ಏನೂ ಅನ್ನಬೇಕೆನ್ನಿಸಲಿಲ್ಲ ನನಗೆ. ಅವ್ವನಿಗೆ ಒಳ್ಳೆಯ ಫೋನು ಇರಲಿ ಎಂದದ್ದು ಬಿಟ್ಟರೆ ಅವನು ಮಾಡಿದ್ದೇನು?

ಮರುದಿನ ನಾನು ಶಿವಯೋಗಿಯ ಅಂಗಡಿಗೆ ಹೋದೆ. ಹಳೆಯ ಫೋನು ಆಗಲೇ ಎಲ್ಲಿಗೋ ಹೋಗಿತ್ತು. ‘ಅಕ್ಕಾರ, ಈ ಕಡೆದು ಆ ಕಡೆ ಎಲ್ಲಾ ಹೋಗೂದಿಲ್ರಿ. ಅವರಿಗೂ ಇವರಿಗೂ ಆಗಿ ಬರೂದಿಲ್ಲ. ನಾವೇನು ಮಾಡೂಣು?’ ಎಂದ. ಈ ಫೋನಿನಲ್ಲಿ ಸ್ವಂತ ದನಿ ಹಾಕಲು ಸಾಧ್ಯವಿದೆಯಂತೆ. ಅದಕ್ಕೊಂದು ಖಾತೆ ಬೇಕು, ಖಾತೆಗೊಂದು ಪಾಸ್‌ವರ್ಡ್, ಆಮೇಲೆ ಬೇರೊಂದು ಆ್ಯಪು, ಅದರಲ್ಲಿ ದನಿಯನ್ನು ಕತ್ತರಿಸಿ ಬೇರೆ ರೂಪಕ್ಕೆ ತಿರುಗಿಸಬೇಕು. ಅವನು ಹೇಳುವುದನ್ನು ಮುಗಿಸುವ ಮೊದಲೇ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮಾನ್ಯರೇ, ನಾವು ಮುಳುಗಡೆಯ ಜನ. ಅಣೆಕಟ್ಟಿನ ಹಿನ್ನೀರು ಬರುವಾಗ ನಮ್ಮ ಹಳೆಯ ಮನೆಯೂ ಹೋಯಿತು. ಆಗಿನ ಅಧಿಕಾರಿಗಳ ಮೇಲೆ ನಮ್ಮೂರಲ್ಲಿ ಇವತ್ತಿಗೂ ಹತ್ತಾರು ದೂರುಗಳಿವೆ. ಆದರೂ ಅವರು ಮುಂಚಿತವಾಗಿ ಬಂದು, ಇಷ್ಟು ಮುಳುಗುತ್ತದೆ, ಇಷ್ಟು ಉಳಿಯುತ್ತದೆ ಎಂದು ಗುರುತು ಹಾಕಿದ್ದರು. ಬಾಗಿಲು, ಚೌಕಟ್ಟು, ತೊಲೆ ಬಿಚ್ಚಿಕೊಂಡು ಹೋಗಲು ಬಿಟ್ಟಿದ್ದರು. ಇಡೀ ಊರನ್ನೇ ಎಬ್ಬಿಸುವಾಗ ತೋರಿಸಿದ ಆ ಕನಿಷ್ಠ ಸೌಜನ್ಯವನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವ ಮುದುಕಿಗೆ ತೋರಿಸಲು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಿಗೆ ಏಕೆ ಆಗುವುದಿಲ್ಲ? ನಂಬರು ಉಳಿಸಿಕೊಂಡೇ ಸಿಮ್ ಕಂಪನಿ ಬದಲಾಯಿಸುವ ಹಕ್ಕನ್ನು ನಮಗೆ ಕೊಟ್ಟಿದ್ದೀರಿ. ಆ ಕಂಪನಿಗಳು ತಾವಾಗಿ ಕೊಟ್ಟದ್ದಲ್ಲ ಅದು, ನಿಯಮ ಮಾಡಿ ಕೊಡಿಸಿದ್ದು. ಹಾಗಾದರೆ ಫೋನಿನ ವಿಷಯಕ್ಕೆ ಬಂದಾಗ ಮಾತ್ರ ಇದು ನಿಮ್ಮ ವ್ಯಾಪ್ತಿ ಮೀರಿದ್ದು ಹೇಗಾಗುತ್ತದೆ? ಗಿರಾಕಿಗೆ ಬಿಟ್ಟುಹೋಗುವುದು ಕಷ್ಟವಾಗಲಿ ಎಂದೇ ಇಬ್ಬರೂ ದಾರಿಗೆ ಮುಳ್ಳು ಹಚ್ಚಿದ್ದಾರೆಂದು ಶಿವಯೋಗಿಗೆ ಗೊತ್ತು, ನನಗೆ ಗೊತ್ತು. ನಿಮಗೆ ಗೊತ್ತಿಲ್ಲವೆಂದು ಹೇಳಿ ನಿಮ್ಮ ಪದವಿಗೆ ಅವಮಾನ ಮಾಡಲಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಮನುಷ್ಯ ತನ್ನ ಫೋನಿನಲ್ಲಿ ತಾನೇ ಮಾಡಿಟ್ಟುಕೊಂಡದ್ದು ಅವನು ಯಾವ ಕಡೆ ಹೋದರೂ ಅವನ ಜೊತೆ ಹೋಗಬೇಕೆಂದು ನಿಯಮ ಮಾಡಿ. ಅಲ್ಲಿಯ ತನಕ, ಏನು ಬರಲಿಲ್ಲ ಎಂಬುದನ್ನು ಹಳೆಯ ಫೋನು ಅಳಿಸುವ ಮೊದಲು ಗಟ್ಟಿಯಾಗಿ, ಕನ್ನಡದಲ್ಲಿ, ಓದು ಬಾರದವರಿಗೂ ಕೇಳುವಂತೆ ಹೇಳಿಸಿ. ಆ ಒಂದು ಮಾತು ಕೇಳಿದ್ದರೆ ನಮ್ಮ ತುಕಾರಾಮ ಹಳೆಯ ಫೋನನ್ನು ಮರಳಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದ.

ನಮ್ಮ ಮನೆಯ ಮಟ್ಟಿಗೆ ನಿಮ್ಮ ನಿಯಮ ತಡವಾಯಿತು. ರಜೆಗೆ ಬಂದ ಪೂನಮ್ ಇಡೀ ದಿನ ಕುಳಿತು ಹೊಸ ಫೋನಿಗೆ ಮತ್ತೆ ದನಿ ಹಾಕುವುದನ್ನು ಕಲಿತಳು. ಅಜ್ಜನ ಮುಂದೆ ಹಿಡಿದು, ಕುರಿ ಕರೆ ಎಂದಳು. ‘ಕುರಿ ಇಲ್ಲದ ಮನ್ಯಾಗ ಏನಂತ ಕರೀಲಿ?’ ಎಂದು ಅಪ್ಪ ಗೋಡೆಯ ಕಡೆ ಹೊರಳಿದ. ಉಳಿದವರ ದನಿ ಹಾಕುತ್ತೇನೆ ಎಂದರೆ ಅವ್ವ ಬೇಡವೆಂದಳು. ‘ಇರಲಿ ಬಿಡವಾ. ನಾ ಎಲ್ಲಾ ಎತ್ತತೇನಿ’ ಎಂದಳು.

ಹಾಗೇ ಮಾಡುತ್ತಿದ್ದಾಳೆ. ಫೋನು ಈಗ ಗೂಟದಲ್ಲಿಲ್ಲ, ಸೊಂಟದಲ್ಲಿದೆ. ಎಚ್ಚರಿಕೆಯ ಮಾತುಗಳನ್ನೆಲ್ಲ ಅವಳು ಮರೆತಿದ್ದಾಳೆ. ಸಾಲ ಕೊಡುವವರು, ಪ್ಲಾಟು ಮಾರುವವರು, ಹಿಂದಿಯಲ್ಲಿ ತಾನೇ ಮಾತಾಡುವ ಯಂತ್ರ, ಯಾರದೇ ಇರಲಿ, ಮೊದಲ ರಿಂಗಿಗೇ ಎತ್ತಿ ಕೊನೆಯವರೆಗೂ ಕೇಳುತ್ತಾಳೆ. ನಿಮ್ಮ ಕಚೇರಿಯಿಂದ ಈ ಪತ್ರಕ್ಕೆ ಉತ್ತರ ಹೇಳುವುದಿದ್ದರೆ ದಯವಿಟ್ಟು ನನಗೆ ಬೇಡ, ಅವಳಿಗೇ ಫೋನ್ ಮಾಡಿ. ನೀವು ಯಾರು, ಯಾವ ಇಲಾಖೆ ಎಂದು ಹೇಳುವ ಮೊದಲೇ ಅವಳು ಎಲ್ಲರನ್ನೂ ಕೇಳುವುದನ್ನು ನಿಮ್ಮನ್ನೂ ಕೇಳುತ್ತಾಳೆ: ‘ಎತ್ತೀನ್ರಿ, ಎತ್ತೀನಿ. ಎಲ್ಲಿ ಬಿದ್ದೀರಿ?’ ಮೊದಲು ಅದಕ್ಕೆ ಉತ್ತರ ಕೊಡಿ.

ಇಂತಿ,
ಎರಡೂ ಕಂಪನಿಗಳ ಷರತ್ತುಗಳನ್ನು ಓದದೆಯೇ ‘ಒಪ್ಪುತ್ತೇನೆ’ ಎಂದು ಒತ್ತಿದ,
ಸಂಧ್ಯಾ, ಬನಹಟ್ಟಿ